ಬಂಗಡೆ ಡಬ್ಬದ ಎರೆಹುಳಗಳು

ಹೊನ್ನಾವರದ ಅಳಿವೆಯ ಬದಿಯ ನಮ್ಮ ಕೇರಿಯಲ್ಲಿ ಪಪ್ಪಾಯಿ ಕೊಯ್ದರೆ ಹಣ್ಣು ಮಕ್ಕಳಿಗೆ, ಬೀಜ ನನ್ನ ಆಯಿಗೆ. ಆಯಿ ಅಂದರೆ ನನ್ನ ಹೆತ್ತ ತಾಯಿ. ಮೀನು ಮಾರುವವಳು, ಕೇರಿಯ ಅರ್ಧ ಜನರ ಪಾಲಿಗೆ ಜಂತುಹುಳದ ಡಾಕ್ಟರೂ ಹೌದು. ಕಪ್ಪು ಬೀಜಗಳ ಲೋಳೆ ತೊಳೆದು, ಒಣಮೀನಿನ ಪಕ್ಕದಲ್ಲೇ ಹರಿದ ಚಾಪೆಯ ಮೇಲೆ ಹರಡಿ, ಗರಗರ ಒಣಗಿದ ಮೇಲೆ ಅರೆದು, ಬೆಲ್ಲದಲ್ಲಿ ಕಲಸಿ, ನಿದ್ದೆಯಲ್ಲಿ ಹಲ್ಲು ಕಡಿಯುವ ಮಕ್ಕಳ ಬಾಯಿಗೆ ಹಾಕುತ್ತಾಳೆ. ನಾನೂ ತಿಂದು ಬೆಳೆದವನೇ. ನನ್ನ ಹೊಟ್ಟೆಯ ಹುಳ ಸತ್ತಿದೆ, ನಾಲಗೆಯ ಹುಳ ಮಾತ್ರ ಸಾಯಲಿಲ್ಲ ಎಂದು ಅವಳೇ ಹೇಳುವುದುಂಟು.

ನಾಲಗೆಯ ಹುಳ ಎಂದರೆ ಯಾರನ್ನು ಕಂಡರೂ ಅವರ ಸ್ವರ ತೆಗೆಯುವ ನನ್ನ ಚಟ. ರೈಲು ಸ್ಟೇಶನ್ನಿನ ಧ್ವನಿವರ್ಧಕದ ಹೆಂಗಸು, ಬಂದರಿನಲ್ಲಿ ಮೀನು ಹರಾಜು ಕೂಗುವವ, ಕುಮಟಾದ ಕಾಲೇಜಿನಲ್ಲಿ ನಮಗೆ ಪ್ರಾಜೆಕ್ಟ್ ಮಾಡಿಸುವ ಮೇಡಂ, ಯಾರನ್ನೂ ಬಿಟ್ಟವನಲ್ಲ. ಇದರಲ್ಲಿ ಒಂದೇ ತೊಂದರೆ. ಎಂದಾದರೂ ನಾನು ನನ್ನ ಸ್ವಂತ ಸ್ವರದಲ್ಲಿ ಮಾತಾಡಿದರೆ ಜನ ತಲೆ ಓರೆ ಮಾಡಿ, "ಇದು ಯಾರದ್ದು ಮಾರಾಯಾ? ಗೊತ್ತಾಗ್ಲಿಲ್ಲ" ಎನ್ನುತ್ತಾರೆ.

ಈ ಮಳೆಗಾಲದಲ್ಲಿ ಆ ತೊಂದರೆ ನನ್ನನ್ನು ಸರಿಯಾಗಿ ಹಿಡಿಯಿತು.

ಅಕ್ಕ ಮುರ್ಡೇಶ್ವರದ ಹೋಟೆಲಿನಲ್ಲಿ ರೂಮು ಸ್ವಚ್ಛ ಮಾಡುವ ಕೆಲಸಕ್ಕಿದ್ದಾಳೆ, ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಒಂದನೇ ಇಯತ್ತೆಯಲ್ಲಿರುವ ಅವಳ ಮಗಳು ಆಯಿಯ ಹತ್ತಿರವೇ ಬೆಳೆಯುತ್ತಿದ್ದಾಳೆ. ಈ ಹುಡುಗಿಗೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಪುಟ್ಟ ಕೊಡ. ತಿಂದದ್ದೆಲ್ಲ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಶಾಲೆಯಲ್ಲಿ ಹುಳದ ಮಾತ್ರೆ ಕೊಡುತ್ತಾರೆ. ಹೋದ ವರ್ಷ ಅಂಗನವಾಡಿಯಲ್ಲಿ ಕೊಟ್ಟಾಗ ಅವಳು ವಾಂತಿ ಮಾಡಿಕೊಂಡು, ಬಾಡಿದ ಬಸಳೆ ಬಳ್ಳಿಯ ಹಾಗೆ ಆಯಿಯ ಮಡಿಲಲ್ಲಿ ಬಿದ್ದಿದ್ದಳು. ಅವತ್ತಿನಿಂದ ಆಯಿಗೆ ಆ ಮಾತ್ರೆ ಎಂದರೆ ವಿಷ. ಈ ವರ್ಷ ಮಾತ್ರೆಯ ದಿನ ಮಗುವೂ ಇಲ್ಲ, ಆಯಿಯೂ ಇಲ್ಲ.

"ಎಲ್ಲಿಗೆ ಹೋಗಿದ್ರಿ?" ಎಂದು ಸಂಜೆ ಕೇಳಿದೆ.

"ಮುರ್ಡೇಶ್ವರಕ್ಕೆ. ಮಗೂಗೆ ಅಮ್ಮನ್ನ ನೋಡ್ಬೇಕು ಅನ್ಸ್ತು."

"ಮಗೂಗೆ ಅನ್ಸ್ತೋ, ನಿಂಗೆ ಅನ್ಸ್ತೋ?"

"ನಿಂಗೆಂತ ಆಗ್ಬೇಕಾ? ನನ್ನ ಬೀಜ ಇಲ್ವಾ? ಮಾತ್ರೆ ಎಂತಕೆ?"

ಆಗಲೇ ನನ್ನ ತಲೆಯಲ್ಲಿ ದೀಪ ಹೊತ್ತಿದ್ದು. ನಾನೂ, ಭಟ್ಕಳದಿಂದ ದಿನಾ ರೈಲಿನಲ್ಲಿ ಬರುವ ನನ್ನ ಸಹಪಾಠಿ ಹುಡುಗಿಯೂ ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಯಾವುದಾದರೂ ಗಿಡದ ಬೀಜದ ಸಾರ ತೆಗೆದು ಹುಳದ ಮೇಲೆ, ಬ್ಯಾಕ್ಟೀರಿಯಾದ ಮೇಲೆ ಏನು ಮಾಡುತ್ತದೆ ಎಂದು ನೋಡುವುದು. ಯಾವ ಬೀಜ ಎಂದು ಇನ್ನೂ ಎಳೆದಾಡುತ್ತಿದ್ದೆವು.

"ಆಯಿ, ನಿನ್ನ ಬೀಜನೇ ಪರೀಕ್ಷೆಗೆ ಕೂರಿಸ್ತೆ. ಬಿಟ್ಟುಹೋದ ಮಕ್ಕಳಿಗೆ ಮಾತ್ರೆ ಕೊಡೋಕೆ ಇನ್ನೊಂದು ದಿನ ಇಟ್ಟಾರೆ. ಅದ್ರೊಳಗೆ ಗೊತ್ತಾತದೆ. ಬೀಜ ಗೆದ್ರೆ ನಾನು ಸುಮ್ನಿರ್ತೆ. ಮಾತ್ರೆ ಗೆದ್ರೆ ಮಗು ಅವತ್ತು ಶಾಲೆಗೆ ಹೋಗ್ಬೇಕು."

"ಆತು," ಎಂದಳು ಆಯಿ, ಸೋಲುವ ಅಂಜಿಕೆ ಇಲ್ಲದವರ ಹಾಗೆ. ಚಾಪೆಯ ಮೇಲಿನ ಬೀಜಗಳನ್ನೆಲ್ಲ ಬಾಚಿ ಕೊಟ್ಟಳು.

ಬೀಜ ಪುಡಿ ಮಾಡಿ, ಗಾಜಿನ ಬುರುಡೆಯಲ್ಲಿ ಮದ್ಯಸಾರ ಹಾಕಿ ನೆನೆಸಿಟ್ಟೆವು. ಅದನ್ನು ಕೇಳಿದ ಆಯಿಯ ಮೊದಲ ಪ್ರಶ್ನೆ: "ಸರಾಯಿಲಿ ನೆನೆಸಿದ್ರೆ ಹುಳ ಸತ್ತದ್ದೋ, ಕುಡ್ದು ಬಿದ್ದದ್ದೋ ಹ್ಯಾಂಗೆ ಗೊತ್ತಾತದೆ?" ಸೋಸಿ, ಬಿಸಿನೀರಿನ ಮೇಲಿಟ್ಟು ಮದ್ಯಸಾರವನ್ನೆಲ್ಲ ಹಾರಿಸುತ್ತೇವೆ ಎಂದು ವಿವರಿಸಿದೆ. ಕೊನೆಗೆ ಉಳಿದದ್ದು ಲೇಹ್ಯದ ಹಾಗಿನ ಒಂದು ಕಂದು ಅಂಟು, ಅದರಲ್ಲಿ ಸಾಸಿವೆಯ ಘಾಟು. ರಾಶಿ ಬೀಜ ಹೋಗಿ ತಳದಲ್ಲಿ ಇಷ್ಟೇ ಇಷ್ಟು. "ನಿನ್ನ ಮಾತಿನಿಂದ ಸತ್ಯ ತೆಗೆದ ಹಾಗೆ," ಎಂದಳು ಭಟ್ಕಳದ ಹುಡುಗಿ. ಅವಳು ಕಡಿಮೆ ಮಾತಿನವಳು. ಆ ಕಡಿಮೆಯಲ್ಲಿ ಹೆಚ್ಚಿನದೆಲ್ಲ ನನ್ನ ತಲೆಗೇ ಬೀಳುತ್ತದೆ.

ಪರೀಕ್ಷೆಗೆ ಮನುಷ್ಯರ ಹೊಟ್ಟೆಯ ಹುಳ ಸಿಗುವುದಿಲ್ಲವಲ್ಲ, ಅದರ ಬದಲು ಎರೆಹುಳ ಬಳಸುತ್ತಾರೆ. ಮೈಕಟ್ಟು ಸುಮಾರಾಗಿ ಹೋಲುತ್ತದೆ, ಮಳೆಗಾಲದಲ್ಲಿ ಧಾರಾಳ ಸಿಗುತ್ತದೆ. ನಮ್ಮ ಬಚ್ಚಲ ಹಿಂದಿನ ತೇವದ ಮಣ್ಣು ಕೆದಕಿ ಒಳ್ಳೆಯ ದಪ್ಪದವನ್ನು ಆರಿಸಿದೆ. ಮುಚ್ಚಳ ಇರುವ ಪಾತ್ರೆ ಬೇಕಿತ್ತು; ಅಡುಗೆಮನೆಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಖಾಲಿ ಇತ್ತು. ಒಂದು ಸಲ ನೀರು ಕುಲುಕಿ ಚೆಲ್ಲಿ, ಹಸಿ ಮಣ್ಣು ತುಂಬಿ, ಹುಳ ಬಿಟ್ಟು ಬೆಳಗಿನ ರೈಲು ಹತ್ತಿದೆ.

ಭಟ್ಕಳದ ಹುಡುಗಿ ಕಿಟಕಿಯ ಹತ್ತಿರ ಕೂತಿದ್ದಳು. ಡಬ್ಬ ಕಾಲಬುಡದಲ್ಲಿಟ್ಟು ಸ್ಟೇಶನ್ನಿನ ಹೆಂಗಸಿನ ಸ್ವರದಲ್ಲಿ ಘೋಷಿಸಿದೆ: "ಯಾತ್ರಿಗಳು ದಯವಿಟ್ಟು ಗಮನಿಸಿ. ಎರೆಹುಳಗಳು ಕೆಲವೇ ಕ್ಷಣಗಳಲ್ಲಿ ಕುಮಟಾಕ್ಕೆ ಬರಲಿವೆ." ಎದುರಿನ ಸೀಟಿನ ಅಜ್ಜ ಕಾಲು ಮೇಲೆತ್ತಿಕೊಂಡ. ಅವಳು ಮೂಗಿಗೆ ದುಪಟ್ಟಾ ಹಿಡಿದಳು. ನನ್ನ ತಮಾಷೆಗೆ ನಾಚಿಕೊಂಡಳು ಎಂದೇ ನಾನು ಅಂದುಕೊಂಡೆ.

ಲ್ಯಾಬಿನಲ್ಲಿ ಹುಳ ತೊಳೆದಾಗ ಅವು ಸ್ವಲ್ಪ ಮಂಕಾಗಿದ್ದವು. ರೈಲು ಪ್ರಯಾಣ, ಆಯಾಸವಾಗಿರಬೇಕು ಎಂದೆ. ಗಾಜಿನ ತಟ್ಟೆಗೆ ಬೀಜದ ಸಾರ ಹಾಕಿ ಹುಳ ಬಿಟ್ಟೆ. ಒಮ್ಮೆ ಮುರುಟಿದವು, ಒಮ್ಮೆ ಚಾಚಿದವು, ನಿಂತೇ ಹೋದವು! ಕಡ್ಡಿಯಲ್ಲಿ ತಟ್ಟಿದೆ, ಇಲ್ಲ. ನನಗೆ ಕಾಯುವುದು ಎಂಬ ವಿದ್ಯೆಯನ್ನು ಯಾರೂ ಕಲಿಸಿಲ್ಲ. ಅಂಗಳಕ್ಕೆ ಓಡಿ ಮನೆಗೆ ಫೋನ್ ಮಾಡಿದೆ.

"ಆಯಿ! ನಿನ್ನ ಬೀಜ ಪಾಸ್! ಹಾಕಿದ್ದೇ ತಡ, ಹುಳ ಫಟ್!"

"ಮಾತ್ರೆಗಿಂತ ಬೇಗ್ವಾ?"

"ಮಾತ್ರೆ ತಟ್ಟೆ ಇನ್ನೂ ಇಟ್ಟೇ ಇಲ್ಲ, ಆದ್ರೂ..."

ಆ 'ಆದ್ರೂ' ಅವಳಿಗೆ ಮುಟ್ಟಲಿಲ್ಲ. ಫೋನು ಕೆಳಗಿಡುವ ಮೊದಲೇ ಪಕ್ಕದ ಮನೆಯವರನ್ನು ಕೂಗಿ ಕರೆಯುವುದು ಕೇಳಿಸಿತು.

ಒಳಗೆ ಬಂದರೆ ಭಟ್ಕಳದ ಹುಡುಗಿ ಇನ್ನೊಂದು ತಟ್ಟೆಯ ಮುಂದೆ ಕೈಕಟ್ಟಿ ನಿಂತಿದ್ದಳು. ಅದರಲ್ಲಿ ಬೀಜವೂ ಇಲ್ಲ, ಮಾತ್ರೆಯೂ ಇಲ್ಲ. ಹುಳಗಳಿಗೆ ಹಿತವಾಗುವ ತೆಳು ಉಪ್ಪುನೀರು ಮಾತ್ರ. ಹೋಲಿಸಿ ನೋಡಲೆಂದು ಇಡುವ ತಟ್ಟೆ ಅದು. ಅಲ್ಲಿನ ಹುಳಗಳು ಆರಾಮಾಗಿ ಹರಿದಾಡಬೇಕಿತ್ತು.

"ಇವೂ ಸತ್ತವು," ಎಂದಳು.

"ನಿನ್ನ ಮುಖ ನೋಡಿರ್ಬೇಕು."

ಅವಳು ನಗಲಿಲ್ಲ. ಡಬ್ಬದ ಮುಚ್ಚಳ ತೆಗೆದಳು, ಹಿಂದೆ ಸರಿದಳು, ಅಂಚಿನಲ್ಲಿ ಗಟ್ಟಿಯಾಗಿ ಹಿಡಿದಿದ್ದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದಳು. "ಇದ್ರಲ್ಲಿ ಮೊದ್ಲು ಎಂತ ಇತ್ತು?"

"ಎಂತಾ ಇಲ್ಲ. ಬಂಗಡೆ ಉಪ್ಪು ಹಾಕಿಡೋ ಡಬ್ಬ."

ಹೇಳಿದ ಮೇಲೆ ನನಗೇ ಕೇಳಿಸಿತು. ಮಳೆಗಾಲಕ್ಕೆಂದು ಆಯಿ ವರ್ಷವರ್ಷವೂ ಬಂಗಡೆ ಮೀನಿಗೆ ಉಪ್ಪು ಮೆತ್ತಿ ಇಡುವ ಡಬ್ಬ ಅದು. ತಳದಲ್ಲಿ, ಅಂಚಿನಲ್ಲಿ, ಮುಚ್ಚಳದ ಸಂದಿಯಲ್ಲಿ ಉಪ್ಪೇ ಉಪ್ಪು. ಹೊನ್ನಾವರದಿಂದ ಕುಮಟಾದವರೆಗೆ ನನ್ನ ಹುಳಗಳು ಉಪ್ಪಿನಕಾಯಿಯಾಗುತ್ತಾ ಬಂದಿದ್ದವು.

"ವಾಸನೆ ಬರ್ಲಿಲ್ವಾ ನಿಂಗೆ? ರೈಲಲ್ಲಿ ಇಡೀ ಬೋಗಿ ಮೂಗು ಮುಚ್ಚಿತ್ತು."

ಬರಲಿಲ್ಲ. ನಾನು ಹುಟ್ಟಿದ್ದೇ ಆ ವಾಸನೆಯಲ್ಲಿ. ಬೇರೆಯವರಿಗೆ ಅದು ವಾಸನೆ, ನನಗೆ ಅದು ಗಾಳಿ.

ಅಷ್ಟರಲ್ಲಿ ಮೇಡಂ ಬಂದರು. "ದೆನ್? ವಾಟ್ ನೆಕ್ಸ್ಟ್?" ಇದು ಅವರ ಮಾತು, ನಾನು ನೂರು ಸಲ ಅಣಕಿಸಿದ್ದು. ವಿಷಯ ಕೇಳಿ ಅವರು ಬೈಯಲೂ ಇಲ್ಲ. "ಒಳ್ಳೇದಾಯ್ತು, ಕಂಟ್ರೋಲ್ ಯಾಕೆ ಇಡ್ತೇವೆ ಅಂತ ಇನ್ನು ನಿನಗೆ ಯಾರೂ ಪಾಠ ಮಾಡೋದು ಬೇಡ. ಬೇರೆ ಹುಳ ತಾ. ಬೇರೆ ಡಬ್ಬದಲ್ಲಿ." ಅವರು ಬಾಗಿಲು ದಾಟಿದ ಮೇಲೆ ಅದೇ ಮಾತನ್ನು ಅವರ ಸ್ವರದಲ್ಲಿ ಹೇಳಲು ಬಾಯಿ ತೆರೆದೆ. ಮೊದಲ ಬಾರಿ ಸ್ವರ ಹೊರಡಲಿಲ್ಲ. ತಲೆಯಲ್ಲಿದ್ದದ್ದು ಮನೆಗೆ ಹೇಳಿಬಿಟ್ಟಿದ್ದ ಆ 'ಪಾಸ್'.

ಸಂಜೆ ಮನೆಗೆ ಬಂದರೆ ಜಗುಲಿಯ ತುಂಬ ಹೆಂಗಸರು. ಆಯಿ ಕಾಗದದ ಪೊಟ್ಟಣಗಳಲ್ಲಿ ಬೀಜ ಕಟ್ಟಿ ಹಂಚುತ್ತಿದ್ದಾಳೆ. "ಕುಮಟಾದ ಕಾಲೇಜಲ್ಲೇ ಪಾಸ್ ಆತು," ಎನ್ನುತ್ತಿದ್ದಾಳೆ. ಪಕ್ಕದ ಮನೆಯವಳು, ಮೊದಲ ಸಲ ಜ್ವರವೆಂದು ಮಾತ್ರೆ ತಪ್ಪಿದ್ದ ತನ್ನ ಇಬ್ಬರು ಮಕ್ಕಳನ್ನೂ ಇನ್ನು ಅದಕ್ಕೆ ಕಳಿಸುವುದಿಲ್ಲ ಎಂದಳು. ನಾನು ಜಗುಲಿ ಹತ್ತಿ ಪೊಟ್ಟಣಗಳ ಮುಂದೆ ನಿಂತೆ.

"ಎಲ್ಲಾ ಕೇಳಿ. ಅದು ತಪ್ಪಾತು. ಹುಳ ಸತ್ತದ್ದು ಬೀಜದಿಂದ ಅಲ್ಲ, ಬಂಗಡೆ ಡಬ್ಬದ ಉಪ್ಪಿನಿಂದ. ಸುಮ್ನೆ ನೀರಲ್ಲಿ ಇಟ್ಟದ್ದೂ ಸತ್ತವು."

ಜಗುಲಿ ಹಾರಿಹೋಗುವ ಹಾಗೆ ನಗು.

"ಇದು ಯಾರದ್ದಾ ತಮಾ? ಆ ಮೇಡಂದಾ?" ಎಂದಳು ಪಕ್ಕದ ಮನೆಯವಳು.

"ಎಷ್ಟು ಚೆಂದ ಮುಖ ಸಣ್ಣ ಮಾಡ್ತಾ ನೋಡಿ!" ಎಂದಳು ಇನ್ನೊಬ್ಬಳು.

"ನನ್ನ ಸ್ವರ! ನಂದೇ!"

"ಮಾಮಾ, ಇನ್ನೊಂದ್ಸಲ ಮಾಡು," ಎಂದಳು ಮಗು ಕಣ್ಣರಳಿಸಿ, ಪುಟ್ಟ ಕೊಡದ ಮೇಲೆ ಕೈಯಿಟ್ಟುಕೊಂಡು.

ಎಲ್ಲರೂ ಹೋದ ಮೇಲೆ ಆಯಿಯ ಮುಂದೆ ಕೂತೆ. ಈ ಸಲ ಅವಳು ನಗಲಿಲ್ಲ, ನಂಬಲೂ ಇಲ್ಲ. "ಮಾತ್ರೆ ಕೊಡ್ಸೂಕೆ ನಾಟಕ ಮಾಡ್ತೆ ನೀ," ಎಂದಳು. ಅವಳನ್ನು ದೂರಿ ಪ್ರಯೋಜನವಿಲ್ಲ. ಹೋದ ತಿಂಗಳಷ್ಟೇ ಲೈಟ್ ಬಿಲ್ಲಿನವನ ಸ್ವರದಲ್ಲಿ ಅವಳನ್ನು ಅಂಗಳಕ್ಕೆ ಓಡಿಸಿದವ ನಾನೇ.

"ಹಂಗಾದ್ರೆ ನನ್ ಸಂಗ್ತಿಗೆ ಕುಮಟಾಕ್ಕೆ ಬಾ. ನನ್ನ ಬಾಯಿ ನಂಬೂದು ಬ್ಯಾಡ. ನಿನ್ನ ಕಣ್ಣು ನಂಬು."

ಮಳೆಗಾಲ, ದೋಣಿ ಇಳಿಯುತ್ತಿರಲಿಲ್ಲ, ಅವಳಿಗೆ ಬುಟ್ಟಿ ಹೊರುವ ಕೆಲಸವೂ ಇರಲಿಲ್ಲ. "ಆತು," ಎಂದಳು. "ನನ್ನ ಬೀಜ ಸೋತ್ರೆ ಸೋತೆ ಅಂತ ಒಪ್ತೆ. ಆದ್ರೆ ನೀ ಮಧ್ಯ ಬಾಯಿ ಹಾಕುಕಿಲ್ಲ."

ಹೊಸ ಹುಳಕ್ಕೆ ನಾನೂ ಭಟ್ಕಳದ ಹುಡುಗಿಯೂ ಕುಮಟಾದ ಹೊರಗೆ ಹರಿವೆ, ಬಸಳೆ ಬೆಳೆಯುವ ಒಬ್ಬ ಹೆಂಗಸಿನ ಹಿತ್ತಲಿಗೆ ಹೋದೆವು. ಅವಳು ಯಾವುದೋ ಹಾಡು ಗುನುಗುತ್ತಾ ಕಳೆ ಕೀಳುತ್ತಿದ್ದಳು. ಸಂಗತಿ ಕೇಳಿ ಹಾಡು ನಿಲ್ಲಿಸಿದಳು. "ನನ್ನ ಮಣ್ಣಿನ ಹುಳನ ಕೊಲ್ಲೂಕೆ ಇಷ್ಟೆಲ್ಲ ಓದ್ತ್ರಾ ನೀವು?" ಕೊನೆಗೆ ಬದುಕಿದವನ್ನು ತಂದು ಇಲ್ಲೇ ಬಿಡಬೇಕು ಎಂಬ ಕರಾರಿನ ಮೇಲೆ ಒಪ್ಪಿದಳು. ಈ ಸಲದ ಪಾತ್ರೆ ಭಟ್ಕಳದ ಹುಡುಗಿಯದ್ದು, ಅಂಗಡಿಯಿಂದ ಬಂದ ಮೇಲೆ ನೀರು ಬಿಟ್ಟು ಬೇರೇನೂ ಕಾಣದ್ದು. ಹುಳಗಳೂ ಹಾಗೇ, ಒಂದೊಂದೂ ಕೈಯಿಂದ ಜಾರಿ ಓಡುವಂಥವು.

ಪರೀಕ್ಷೆಯ ದಿನ ಆಯಿ ಮಗುವನ್ನು ಶಾಲೆಗೆ ಬಿಟ್ಟು, ಪೆಟ್ಟಿಗೆಯೊಳಗಿನ ಒಳ್ಳೆಯ ಸೀರೆ ಉಟ್ಟು ಬಂದಳು. ಲ್ಯಾಬಿನ ಸ್ಟೂಲು ಅವಳಿಗೆ ಎತ್ತರವಾಯಿತು. ಕಾಲು ನೇತಾಡಿಸಿಕೊಂಡು ಕೂತಳು. ಮೇಡಂ "ಬನ್ನಿ ಅಮ್ಮ" ಎಂದಾಗ ಅವರನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿ, "ನೀ ಮಾಡಿ ತೋರ್ಸಿದ್ದಕ್ಕಿಂತ ಎಷ್ಟೋ ಒಳ್ಳೆಯವ್ರು ಕಾಣ್ತ್ರು," ಎಂದುಬಿಟ್ಟಳು. ಲ್ಯಾಬಿನಲ್ಲಿ ಗಾಜಿನ ಬುರುಡೆ ಬಿದ್ದಿದ್ದರೆ ಇನ್ನೂ ಕಡಿಮೆ ಸದ್ದಾಗುತ್ತಿತ್ತು. ಮೇಡಂ ನನ್ನನ್ನು ನೋಡಿದರು. "ದೆನ್? ವಾಟ್ ನೆಕ್ಸ್ಟ್?" ಎಂದರು, ಸ್ವಲ್ಪ ಹೆಚ್ಚೇ ಎಳೆದು, ನನ್ನ ಅಣಕದ ಹಾಗೆ. ಅವರಿಗೆ ಎಲ್ಲ ಗೊತ್ತಿತ್ತು.

ಭಟ್ಕಳದ ಹುಡುಗಿ ನಾಲ್ಕು ತಟ್ಟೆ ಸಾಲಾಗಿ ಇಟ್ಟಳು. ಒಂದರಲ್ಲಿ ಬರೀ ತೆಳು ಉಪ್ಪುನೀರು, ಒಂದರಲ್ಲಿ ಮಾತ್ರೆ ಕರಗಿಸಿದ್ದು, ಎರಡರಲ್ಲಿ ಬೀಜದ ಸಾರ, ಒಂದು ತೆಳು, ಒಂದು ದಟ್ಟ. ಎಲ್ಲಕ್ಕೂ ಒಂದೇ ಬಣ್ಣ ಕಾಣಲಿ ಎಂದು ತಟ್ಟೆಗಳ ಕೆಳಗೆ ಕಂದು ಕಾಗದ ಹಾಸಿದ್ದಳು. ಯಾವುದು ಯಾವುದೆಂದು ಬರೆದ ಚೀಟಿ ತಟ್ಟೆಯಡಿ ಮಗುಚಿ ಇಟ್ಟಿದ್ದಳು, ನನಗೂ ಹೇಳಿರಲಿಲ್ಲ. "ನೀವೇ ನೋಡಿ ಹೇಳಿ ಅಮ್ಮ. ಅವನ ಮುಖ ನೋಡ್ಬೇಡಿ," ಎಂದಳು.

ಆಯಿ ನೋಡಿದಳು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ಕಣ್ಣು ಅದು. ಮಧ್ಯಾಹ್ನದ ಬುತ್ತಿಯನ್ನು ಹೊರಗೆ ಹೋಗಿ ತಿನ್ನಿ ಎಂದರೆ, "ನಾ ಎದ್ರೆ ಇಂವ ಎಂತಾದ್ರೂ ಮಾಡ್ತಾ" ಎಂದು ಕೂತೇ ಇದ್ದಳು. ಒಂದು ಹುಳ ಅಲುಗಾಡದೆ ಬಿದ್ದಾಗ ನಾನು "ಸತ್ತಿತು" ಎಂದೆ. ಅವಳು ಕಡ್ಡಿಯಿಂದ ಮುಟ್ಟಿದಳು. ಅದು ಬಾಲ ಕುಣಿಸಿತು. "ಸತ್ತಿಲ್ಲ. ನಾಟಕ ಮಾಡ್ತದೆ. ನಿನ್ನ ಜಾತಿ."

ಕೊನೆಗೆ ಮೂರನೆಯ ತಟ್ಟೆಯ ಹುಳಗಳು ಎಲ್ಲಕ್ಕಿಂತ ಮೊದಲು ಪೂರ್ತಿ ನಿಂತವು. ಬಿಸಿನೀರು ಮುಟ್ಟಿಸಿದರೂ ಏಳಲಿಲ್ಲ. ಆಯಿಯ ಮುಖ ಅರಳಿತು. ಸ್ಟೂಲಿನಿಂದ ಇಳಿದು ತಟ್ಟೆಯ ಮೇಲೆ ಬೆರಳಿಟ್ಟಳು.

"ಇದು ನಂದು."

ಭಟ್ಕಳದ ಹುಡುಗಿ ಚೀಟಿ ಮಗುಚಿದಳು. ಆಯಿಗೆ ಓದಲು ಬರುತ್ತದೆ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ನಾನು ಬಾಯಿ ಹಾಕುವ ಹಾಗಿರಲಿಲ್ಲ. "ಮಾ... ತ್ರೆ" ಎಂದು ಓದಿದಳು. ಬೆರಳು ಹಾಗೇ ಇತ್ತು.

ನನ್ನ ಬಳಿ ಎಷ್ಟೊಂದು ಸ್ವರಗಳಿವೆ. ಆ ಹೊತ್ತಿಗೆ ಬೇಕಾದದ್ದು ಒಂದೂ ಇರಲಿಲ್ಲ.

"ನಂದು ಯಾವ್ದು?" ಎಂದು ಅವಳೇ ಕೇಳಿದಳು. ದಟ್ಟ ಸಾರದ ತಟ್ಟೆಯ ಹುಳಗಳು ಇನ್ನೂ ಸಣ್ಣಗೆ ಮಿಡಿಯುತ್ತಿದ್ದವು. ಕಾಯುತ್ತಾ ಕೂತೆವು, ಅವೂ ನಿಂತವು, ಬಹಳ ತಡವಾಗಿ. ತೆಳುವಿನವು ತೂಕಡಿಸಿದವು ಅಷ್ಟೇ. ಬರೀ ಉಪ್ಪುನೀರಿನವು ಮಾತ್ರ ಏನೂ ಆಗದವರ ಹಾಗೆ ತಟ್ಟೆಯ ಅಂಚು ಹತ್ತಿ ಹೊರಗೆ ಇಣುಕುತ್ತಿದ್ದವು. ಈ ಸಲ ಉಪ್ಪಿನ ದೂರು ಇರಲಿಲ್ಲ. ಬೀಜದ ಕೆಲಸ ಬೀಜದ್ದೇ.

"ಅಂದ್ರೆ ನನ್ನ ಬೀಜ ಸುಳ್ಳಲ್ಲ," ಎಂದಳು ಆಯಿ.

"ಸುಳ್ಳಲ್ಲ," ಎಂದರು ಮೇಡಂ. "ಆದರೆ ಇವು ಎರೆಹುಳ, ಮಗುವಿನ ಹೊಟ್ಟೆಯೊಳಗಿನ ಹುಳ ಅಲ್ಲ. ಅದೂ ಅಲ್ಲದೆ ಈ ತಟ್ಟೆಗೆ ಹಾಕಿದ್ದು ಬೊಗಸೆಗಟ್ಟಲೆ ಬೀಜದ ಸಾರ. ಅಷ್ಟನ್ನು ಮಗುವಿಗೆ ಕೊಟ್ಟರೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾವು ಗೊತ್ತು ಅನ್ನೋ ಹಾಗಿಲ್ಲ."

"ನಾ ಕೊಡೂದು ಒಂದು ಚಮಚ," ಎಂದಳು ಆಯಿ ಮೆಲ್ಲಗೆ. ತಟ್ಟೆಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದಳು. "ಆದ್ರೆ ವಾಂತಿ? ಮಡಿಲಲ್ಲಿ ಬಿದ್ದಿತ್ತು ಕೂಸು. ನೀವು ಕಂಡವ್ರಲ್ಲ."

ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದರೆ ಕೆಲವು ಮಕ್ಕಳಿಗೆ ಹಾಗಾಗುವುದುಂಟು, ಆದರೆ ಅದನ್ನು ತಾನು ಹೇಳುವುದಕ್ಕಿಂತ ಆರೋಗ್ಯ ಕೇಂದ್ರದ ನರ್ಸಿನ ಹತ್ತಿರವೇ ಕೇಳಿ ಎಂದರು ಮೇಡಂ. ಆಮೇಲೆ ಪಕ್ಕದ ಕೋಣೆಯಿಂದ ಇನ್ನೊಂದು ತಟ್ಟೆ ತಂದರು. ಹಿಂದಿನ ದಿನ ಅದರಲ್ಲಿ ಬ್ಯಾಕ್ಟೀರಿಯಾ ಹರಡಿ, ನಡುವೆ ಸಣ್ಣ ಗುಳಿ ಕೊರೆದು ಬೀಜದ ಸಾರ ತುಂಬಿಸಿ ಬೆಚ್ಚಗೆ ಇಟ್ಟಿದ್ದೆವು. ತಟ್ಟೆಯ ತುಂಬ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಬೆಳೆದಿತ್ತು. ಗುಳಿಯ ಸುತ್ತ ಮಾತ್ರ ಒಂದು ಸಣ್ಣ, ಸ್ವಚ್ಛ ಉಂಗುರ.

"ಇಲ್ಲಿ ಎಂತಕೆ ಬೆಳೀಲಿಲ್ಲ?"

"ನಿಮ್ಮ ಬೀಜ ಬಿಡಲಿಲ್ಲ," ಎಂದಳು ಭಟ್ಕಳದ ಹುಡುಗಿ.

ಆಯಿ ಆ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಚಿನ್ನದಂಗಡಿಯಲ್ಲೂ ಅವಳು ಉಂಗುರವನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿಲ್ಲ.

ವಾಪಸು ಬರುವಾಗ ಬದುಕಿದ ಹುಳಗಳನ್ನು ಬಸಳೆ ಹಿತ್ತಲಲ್ಲಿ ಬಿಟ್ಟೆವು. ಹೊನ್ನಾವರದಲ್ಲಿ ಇಳಿದ ಆಯಿ ಮನೆಗೆ ಹೋಗದೆ ಸೀದಾ ನರ್ಸಿನ ಮನೆಗೆ ಹೋದಳು. ಬರುವಾಗ ಮುಖ ಸಡಿಲಾಗಿತ್ತು. "ಹೊಟ್ಟೆ ತುಂಬ ಉಣ್ಸಿ ಕಳಿಸ್ಬೇಕಂತೆ. ಅಗಿದು ತಿನ್ನೂದಂತೆ. ಅವತ್ತು ಅವಳೂ ಶಾಲೆಲೇ ಇರ್ತಾಳಂತೆ," ಎಂದಳು.

ಎರಡನೇ ಮಾತ್ರೆಯ ದಿನ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಕೇರಿಯ ಹೆಂಗಸರ ಗುಂಪು. ಪಕ್ಕದ ಮನೆಯವಳು ತನ್ನ ಇಬ್ಬರನ್ನು ಸೆರಗಿನ ಹಿಂದೆ ನಿಲ್ಲಿಸಿಕೊಂಡಿದ್ದಳು. ಕಳಿಸಲೋ ಬೇಡವೋ ಎಂದು ನೋಡಲು ಬಂದವಳು. ನಾನು ವಿವರಿಸಲು ಗಂಟಲು ಸರಿಮಾಡಿಕೊಂಡೆ. ಆಯಿ ನನ್ನನ್ನು ಪಕ್ಕಕ್ಕೆ ತಳ್ಳಿದಳು.

"ನಾ ಹೇಳ್ತೆ."

ಹೇಳಿದಳು ಎನ್ನುವುದು ಕಡಿಮೆಯಾಯಿತು. ಆಡಿದಳು. ಮೇಡಂ ಸೆರಗು ಸರಿ ಮಾಡಿಕೊಳ್ಳುವುದು, ಭಟ್ಕಳದ ಹುಡುಗಿ ಹುಬ್ಬು ಎತ್ತುವುದು, ಮಾತ್ರೆಯ ತಟ್ಟೆಯ ಹುಳ ಚಾಚಿಕೊಂಡು ನಿಲ್ಲುವುದು, ಬೀಜದ ತಟ್ಟೆಯ ಹುಳ ಮುದುಕನ ಹಾಗೆ ನಿಧಾನ ಮಲಗುವುದು. ಕೊನೆಗೆ ಕುತ್ತಿಗೆ ಮುಂದೆ ಚಾಚಿ, ಸ್ವರ ಒಡೆದು, "ನನ್ನ ಸ್ವರ! ನಂದೇ!" ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನನ್ನ ಚಟ ಎಲ್ಲಿಂದ ಬಂತು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಸ್ವರ ಹೀಗೇ ಇದೆ ಎಂದೂ ಅವತ್ತೇ ಗೊತ್ತಾದದ್ದು; ಸ್ವಲ್ಪ ಕುರಿಯ ಹಾಗೆ.

ನಗು ನಿಂತ ಮೇಲೆ ಆಯಿ ತನ್ನ ಸ್ವರದಲ್ಲಿ ಒಂದೇ ಮಾತು ಹೇಳಿದಳು: "ಬೀಜ ಆಮೇಲಾತು. ಇವತ್ತು ಮಾತ್ರೆ." ಪಕ್ಕದ ಮನೆಯವಳು ಸೆರಗು ಬಿಟ್ಟಳು. ಅವಳ ಇಬ್ಬರೂ ಒಳಗೆ ಓಡಿದರು.

ನಮ್ಮ ಮಗು ಮಾತ್ರೆ ಬಾಯಿಗೆ ಹಾಕಿಕೊಂಡು ಅಗಿಯದೆ ನಿಂತಳು. ಕಣ್ಣಲ್ಲಿ ಹೋದ ವರ್ಷದ ನೆನಪು. ನಾನು ಕಿಟಕಿಯ ಹೊರಗಿನಿಂದ, ಅವಳ ಹೊಟ್ಟೆಯೊಳಗಿನ ಹುಳದ ಸ್ವರ ತೆಗೆದೆ: "ಅಯ್ಯೋ, ಬಂತಲ್ಲಪ್ಪಾ! ಗಂಟು ಮೂಟೆ ಕಟ್ಟಿ!" ಅವಳು ಕಿಸಕ್ಕನೆ ನಕ್ಕಳು, ನಗುತ್ತಾ ಅಗಿದಳು, ನುಂಗಿದಳು.

ಆಯಿ ಮನೆಗೆ ಹೋಗಲಿಲ್ಲ. ಶಾಲೆಯ ಜಗುಲಿಯ ಕಂಬಕ್ಕೆ ಒರಗಿ ಕೂತೇ ಇದ್ದಳು, ಮಡಿಲ ಮೇಲೆ ಟವೆಲು ಹಾಸಿಕೊಂಡು, ಸಿದ್ಧವಾಗಿ. ನಾನೂ ಕಾಲೇಜಿಗೆ ಹೋಗದೆ ಪಕ್ಕದಲ್ಲಿ ಕೂತೆ. ಕಾಯುವ ವಿದ್ಯೆ ಕಲಿತದ್ದು ಅಲ್ಲೇ ಇರಬೇಕು. ಬಿಡುವಿನ ಗಂಟೆ ಹೊಡೆಯಿತು. ಮಕ್ಕಳು ನುಗ್ಗಿ ಹೊರಬಂದರು. ನಮ್ಮವಳು ಎಲ್ಲರನ್ನೂ ತಳ್ಳಿಕೊಂಡು ಓಡಿಬಂದು ಆಯಿಯ ಮಡಿಲಿಗೆ ಬಿದ್ದಳು. ಆಯಿ ಟವೆಲಿನ ಅಂಚು ಅವಳ ಬಾಯಿಯ ಹತ್ತಿರ ಹಿಡಿದಳು.

"ಅಜ್ಜಿ, ಹಸಿವು. ಎಂತ ತಂದಿದ್ದೆ?"

ಏನೂ ತಂದಿರಲಿಲ್ಲ. ಟವೆಲು ಒಂದು ತಂದಿದ್ದಳು. ಅದರಿಂದ ಆಯಿ ಮೊದಲು ಮಗುವಿನ ಮುಖ ಒರೆಸಿದಳು, ಆಮೇಲೆ ತನ್ನದು.

ಮಾರನೇ ಬೆಳಿಗ್ಗೆ ನಾನು ರೈಲಿಗೆ ಹೊರಟಾಗ ಕೈಗೆ ಒಂದು ಡಬ್ಬ ಕೊಟ್ಟಳು. ಅದರ ತುಂಬ ಒಣಗಿದ ಪಪ್ಪಾಯಿ ಬೀಜ.

"ತಡ ಆದ್ರೂ ಕೆಲ್ಸ ಮಾಡ್ತಲ. ಬೇಗ ಮಾಡೂ ಹಾಂಗೆ ಎಂತಾದ್ರೂ ಕಂಡುಹಿಡಿ. ಆ ಉಂಗುರನೂ ದೊಡ್ಡ ಮಾಡು," ಎಂದಳು.

ನಾನು ಮುಚ್ಚಳ ತೆಗೆದು ಮೂಗು ಹತ್ತಿರ ತಂದೆ.

"ಹೊಸ ಡಬ್ಬ," ಎಂದಳು ಆಯಿ. "ನಿನ್ನ ಮೂಗು ನಂಬೂದು ಬ್ಯಾಡ. ಆ ಹುಡ್ಗಿ ಹತ್ರ ಕೊಟ್ಟು ಮೂಸ್ಸು."